ಸ್ಟೆಪ್ನಿ ಊರಿದರೆ ಟ್ರೇಲರ್ ನಿಂತಂತಲ್ಲ

ಎರಡು ಕೆಲಸ ಮಾಡುವ ವಸ್ತುವಿನ ಮೇಲೆ ನಮ್ಮವರಿಗೆ ಎಲ್ಲಿಲ್ಲದ ಭಕ್ತಿ. ಎರಡು ಮಾಡುವುದು ಮೂರನೆಯದನ್ನೂ ಮಾಡೀತು ಎಂಬ ಭರವಸೆ ಅದರ ಬೆನ್ನಿಗೇ ಹುಟ್ಟಿಕೊಳ್ಳುತ್ತದೆ. ಟ್ರೇಲರ್‌ನ ಮೂಕಿಗೆ ಒಂದು ಕಬ್ಬಿಣದ ಚೌಕಟ್ಟು ಬೆಸೆದು, ಅದಕ್ಕೆ ಸ್ಟೆಪ್ನಿ ಬಿಗಿದು, ಟ್ರ್ಯಾಕ್ಟರೋ ಜೀಪೋ ಬಿಚ್ಚಿಕೊಂಡು ಹೋದಾಗ ಅದನ್ನೇ ಕೆಳಗಿಳಿಸಿ ಮೂಕಿಗೆ ಆನಿಕೆ ಕೊಡುವ ಏರ್ಪಾಟನ್ನು ನೀವು ನೋಡಿರಬಹುದು. ಜಾಣ ಏರ್ಪಾಟೇ ಸರಿ. ಜಾಗ ಉಳಿಯುತ್ತದೆ, ಬೇರೆ ಜ್ಯಾಕ್ ಹೊರುವುದು ತಪ್ಪುತ್ತದೆ, ತೆಳ್ಳನೆಯ ಪೈಪಿನ ಕಾಲು ಹೂತುಹೋಗುವ ಎರೆಮಣ್ಣಿನಲ್ಲಿ ಅಗಲವಾದ ಟೈರು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ನನ್ನ ತಕರಾರು ಅದರ ಮೇಲಲ್ಲ, ಅದನ್ನು ಊರಿದ ಮೇಲೆ ಬರುವ ಮಾತಿನ ಮೇಲೆ: "ಸ್ಟೆಪ್ನಿ ಊರೇತಲ್ರೀ, ಇನ್ಯಾಕ ಗಾಲಿಗೆ ಕಲ್ಲು?"

ನಾಸಿಕದ ಅಂಬಡ್ ಕಡೆಯ ವೆಲ್ಡಿಂಗ್ ಶೆಡ್ಡುಗಳಲ್ಲಿ ಈ ಮಾತನ್ನು ಮರಾಠಿಯಲ್ಲಿ ಕೇಳಿದ್ದೇನೆ, ಜಮಖಂಡಿಯಲ್ಲಿ ಕನ್ನಡದಲ್ಲಿ. ಭಾಷೆ ಬದಲಾದರೂ ಆತ್ಮವಿಶ್ವಾಸ ಒಂದೇ.

ಆನಿಕೆ ಹೊರುವುದು ಬೇರೆ, ಉರುಳದಂತೆ ತಡೆಯುವುದು ಬೇರೆ. ಚಕ್ಕಡಿ ಹೂಡುತ್ತಿದ್ದ ಅಜ್ಜಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಎತ್ತು ಬಿಚ್ಚಿ ಮೂಕಿಗೆ ಊರುಗೋಲು ಕೊಟ್ಟವರು, ನೆಲ ಕೊಂಚ ಇಳಿಜಾರಾಗಿದ್ದರೆ ಗಾಲಿಗೂ ಒಂದು ಕಲ್ಲು ಹಚ್ಚುತ್ತಿದ್ದರು. ಮೊಮ್ಮಕ್ಕಳಿಗೆ ಲೆಕ್ಕ ಹಾಕಿಯೇ ತೋರಿಸಬೇಕು.

ಸರಕು ಸೇರಿ ಐದು ಟನ್ ತೂಗುವ ಎರಡು ಗಾಲಿಯ ಟ್ರೇಲರ್ ತೆಗೆದುಕೊಳ್ಳಿ. ಮೂಕಿಯ ಮೇಲೆ ಹತ್ತರಲ್ಲೊಂದು ಪಾಲು, ಅಂದರೆ 500 ಕೆ.ಜಿ. ಬಿದ್ದಿದೆ ಎನ್ನಿ. ಉಳಿದ ನಾಲ್ಕೂವರೆ ಟನ್ ಕೂತಿರುವುದು ಬೇರಿಂಗ್ ಮೇಲೆ ಸಲೀಸಾಗಿ ತಿರುಗುವ ಎರಡು ಗಾಲಿಗಳ ಮೇಲೆ. ಅವು ಹಿಡಿಯುವುದು ಲೆಕ್ಕಕ್ಕಿಲ್ಲದಷ್ಟು. ಒಣ ಡಾಂಬರಿನ ಮೇಲೆ ರಬ್ಬರಿನ ಘರ್ಷಣೆ ಹೊರೆಯ ಶೇ. 60ರಷ್ಟು ಎಂದುಕೊಂಡರೆ, ಊರಿದ ಸ್ಟೆಪ್ನಿ ಹೆಚ್ಚೆಂದರೆ 300 ಕೆ.ಜಿ. ಎಳೆತ ತಡೆದೀತು. ನೂರು ಅಡಿಗೆ ಆರು ಅಡಿ ಇಳಿಯುವ ರಸ್ತೆಯಲ್ಲಿ ಐದು ಟನ್ ತೂಕ ಕೆಳಗೆ ಎಳೆಯುವುದೂ ಸರಿಯಾಗಿ 300 ಕೆ.ಜಿ. ಜಲ್ಲಿ ಚೆಲ್ಲಿದ ನೆಲದಲ್ಲಿ ಹಿಡಿತ ಅರ್ಧಕ್ಕಿಳಿದರೆ ನೂರಕ್ಕೆ ಮೂರು ಅಡಿ ಸಾಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಯಲುನಾಡಿನ ರಸ್ತೆಗಳಿಗೇ 30 ಅಡಿಗೆ ಒಂದಡಿ ಇಳಿಜಾರನ್ನು ಮಾಮೂಲಿ ಎಂದು ಒಪ್ಪಿಕೊಂಡಿದೆ, ಗುಡ್ಡಗಾಡಿಗೆ 20 ಅಡಿಗೆ ಒಂದಡಿ. ಸಂಭಾಜಿನಗರ ಜಿಲ್ಲೆಯ ಕನ್ನಡ್ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 52, ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆ ಮುಟ್ಟುತ್ತದೆ. ಆ ಎರಡು ಘಟ್ಟಗಳಲ್ಲಿ ಸ್ಟೆಪ್ನಿಯನ್ನು ನಂಬಿ ಟ್ರೇಲರ್ ಬಿಚ್ಚುವ ಧೈರ್ಯ ಇದ್ದವರಿಗೆ ನಮಸ್ಕಾರ.

ಇಷ್ಟೂ ಲೆಕ್ಕ ಸ್ಟೆಪ್ನಿ ತಿರುಗದಂತೆ ಬೋಲ್ಟ್ ಬಿಗಿದಿದ್ದರೆ ಮಾತ್ರ. ಟ್ರೇಲರನ್ನು ಕೈಯಲ್ಲೇ ಅತ್ತಿತ್ತ ಸರಿಸಲು ಅನುಕೂಲವಾಗಲಿ ಎಂದು ಕೆಲವರು ಅದನ್ನು ಹಬ್ ಮೇಲೆ ಕೂರಿಸುತ್ತಾರೆ. ಆಗ ಅದು ಮೂರನೇ ಗಾಲಿ. ಉರುಳಲೆಂದೇ ಮಾಡಿದ ವಸ್ತುವನ್ನು ಉರುಳದಿರಲಿ ಎಂದು ಊರುವ ಈ ಪರಿಗೆ ನಗಬೇಕೋ ಅಳಬೇಕೋ ತಿಳಿಯದು.

ಮೂತಿ ಏರಿನ ಕಡೆಗಿದ್ದಾಗ ಇನ್ನೊಂದು ತಾಪತ್ರಯ. ಕಬ್ಬನ್ನು ಆಳೆತ್ತರ ಒಟ್ಟಿದ ಹೇರಿನಲ್ಲಿ ತೂಕದ ಕೇಂದ್ರ ಎಲ್ಲೋ ಮೇಲಿರುತ್ತದೆ. ಏರಿನಲ್ಲಿ ಅದು ಹಿಂದಕ್ಕೆ ವಾಲಿ ಮೂಕಿಯ ಮೇಲಿನ ಭಾರ ಇಳಿಯುತ್ತದೆ, ಭಾರದ ಜೊತೆ ಹಿಡಿತವೂ. ಹಿಂಬದಿಯಲ್ಲೇ ಹೆಚ್ಚು ಹೇರಿದ್ದರೆ ಮೂಕಿ ಎದ್ದು ಆಕಾಶ ನೋಡುತ್ತದೆ. ಮುಂದಿನ ಕಾಲು ಎಷ್ಟೇ ಗಟ್ಟಿಯಿದ್ದರೂ ಅದಕ್ಕೆ ಮದ್ದಲ್ಲ.

ಇದೆಲ್ಲ ಹೊಸ ವಿದ್ಯೆಯೂ ಅಲ್ಲ. ನಾಸಿಕದಲ್ಲಿ ತಯಾರಾಗುವ ಥಾರ್‌ನ ಪೂರ್ವಜ ವಿಲ್ಲಿಸ್ ಜೀಪು. ಎರಡನೇ ಮಹಾಯುದ್ಧದಲ್ಲಿ ಅದರ ಹಿಂದೆ ಎಳೆಯಲು ಅಮೆರಿಕದ ಬ್ಯಾಂಟಮ್ ಕಂಪನಿ ಕಾಲು ಟನ್ ಹೊರುವ ಪುಟ್ಟ ಟ್ರೇಲರ್ ಮಾಡಿಕೊಟ್ಟಿತ್ತು. ಮೂಕಿಗೆ ಮಡಚುವ ಕಾಲು ಇಟ್ಟ ಮೇಲೂ ಗಾಲಿಗಳಿಗೆ ಪ್ರತ್ಯೇಕ ಹ್ಯಾಂಡ್ ಬ್ರೇಕ್ ಕೊಟ್ಟಿದ್ದರು. ಅಷ್ಟು ಚಿಕ್ಕದಕ್ಕೇ ಎರಡೂ ಬೇಕಾಗಿದ್ದವು. ನಮ್ಮ ಹೊಲಗಳಲ್ಲಿ ಓಡಾಡುವ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ.

ಸಿಟ್ಟು ಬರುವುದು ಯಾಕೆಂದರೆ, ಬಿಚ್ಚಿಟ್ಟ ಟ್ರೇಲರ್ ನಮ್ಮಲ್ಲಿ ಒಂಟಿಯಾಗಿರುವುದಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಬೀಡ್ ಕಡೆಯ ಗ್ಯಾಂಗುಗಳು ಸಂಸಾರ ಕಟ್ಟಿಕೊಂಡು ಬೆಳಗಾವಿ, ಬಾಗಲಕೋಟೆಗೆ ಬರುತ್ತವೆ. ಮಧ್ಯಾಹ್ನ ಹೊಲದ ಬದುವಿನಲ್ಲಿ ನೆರಳು ಸಿಗುವುದು ಟ್ರೇಲರ್ ಅಡಿಯಲ್ಲೇ. ಕೂಸುಗಳನ್ನು ಮಲಗಿಸುವುದೂ ಅಲ್ಲೇ.

ಸ್ಟೆಪ್ನಿಯ ಬಗೆಗಿನ ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಭಾರ ಹೊರುವುದು ಟೈರೇ ಆಗಿದ್ದರೆ ನಿಂತಲ್ಲೇ ಪಂಕ್ಚರ್ ಆದ ದಿನ ಅದನ್ನು ಕಳಚುವ ಹಾಗಿಲ್ಲ, ಕಳಚಿದರೆ ಮೂಕಿ ಕುಸಿಯುತ್ತದೆ. ಚೌಕಟ್ಟು ತಾನೇ ನೆಲ ಮುಟ್ಟಿ ಭಾರ ಹೊತ್ತು, ಸ್ಟೆಪ್ನಿ ಅದಕ್ಕೆ ಸುಮ್ಮನೆ ನೇತಾಡುವಂತಿದ್ದರೆ ಆ ಪೇಚಿಲ್ಲ. ಮಾಡಿಸುವಾಗ ವೆಲ್ಡರ್‌ಗೆ ಕೇಳಬೇಕಾದ ಪ್ರಶ್ನೆ ಅದೊಂದೇ. "ಊರೋದಕ್ಕ ತಾನೆ, ಗಾಳಿ ಯಾಕ" ಎನ್ನುವವರು, ತಿಂಗಳುಗಟ್ಟಲೆ ಒಂದೇ ಮಗ್ಗುಲಿಗೆ ಭಾರ ಹೊತ್ತು ಮರಾಠವಾಡದ ಬಿಸಿಲಿಗೆ ಸೀಳುಬಿಟ್ಟ ಟೈರನ್ನು ಹೆದ್ದಾರಿಯಲ್ಲಿ ಗಾಲಿಗೆ ಹಾಕುವ ದಿನ ತಿಳಿದುಕೊಳ್ಳುತ್ತಾರೆ. ಮುಂದಿನ ಜೋಡಿ ಗಾಲಿ ಮೂಕಿಯೊಂದಿಗೆ ತಿರುಗುವ ನಾಲ್ಕು ಗಾಲಿಯ ಟ್ರೇಲರ್‌ನ ಮೂಕಿಯ ಮೇಲೆ ಸರಕಿನ ಭಾರವೇ ಬೀಳುವುದಿಲ್ಲ, ಆದ್ದರಿಂದ ಅದಕ್ಕೆ ಏನೇ ಊರಿದರೂ ಶೋಕಿ. ಸರ್ಕಾರವೇ ಸ್ಟೆಪ್ನಿ ಬೇಡ ಅಂದಿದೆ ಎನ್ನುವ ಮಾತೂ ಅರ್ಧ ಸತ್ಯ: 2020ರ ತಿದ್ದುಪಡಿ ವಿನಾಯಿತಿ ಕೊಟ್ಟದ್ದು ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ. ಕಬ್ಬಿನ ಟ್ರೇಲರ್ ಯಾವಾಗ ಆ ಪಟ್ಟಿಗೆ ಸೇರಿತೋ ಹೇಳುವವರಿಗೇ ಗೊತ್ತು.

ಆಯುಧಪೂಜೆಯ ದಿನ ಒಂದೊಂದು ಗಾಲಿಯ ಕೆಳಗೂ ಒಂದೊಂದು ನಿಂಬೆಹಣ್ಣು ಇಡುವುದನ್ನು ಯಾರೂ ಮರೆಯುವುದಿಲ್ಲ. ಸ್ಟೆಪ್ನಿಗೂ ವಿಭೂತಿ, ಕುಂಕುಮ. ವರ್ಷದ ಉಳಿದ ದಿನ ಅದೇ ಗಾಲಿಯ ಕೆಳಗೆ ಒಂದು ಬೆಣೆ ಇಡಿ ಎಂದರೆ ಮಾತ್ರ ಪುರಾವೆ ಕೇಳುತ್ತಾರೆ. ಹಿಂದೆ ಕಟ್ಟಿದ ಹಳೇ ಚಪ್ಪಲಿಯಿಂದ ದೃಷ್ಟಿ ತಗಲುವುದಿಲ್ಲ ಎಂದು ಒಪ್ಪಿದ ಮನಸ್ಸಿಗೆ, ಅಲ್ಲೇ ಒಂದು ರಿಫ್ಲೆಕ್ಟರ್ ಅಂಟಿಸಿದರೆ ರಾತ್ರಿ ಬೈಕಿನವನು ಉಳಿದುಕೊಳ್ಳುತ್ತಾನೆ ಎಂಬುದು ಒಪ್ಪಿಗೆಯಾಗುವುದಿಲ್ಲ. ನಂಬುವುದಕ್ಕೆ ನಮಗೆ ಕೊರತೆಯಿಲ್ಲ, ದುಡ್ಡು ಬೀಳದ ಕಡೆಗೇ ನಂಬಿಕೆ ವಾಲುತ್ತದೆ, ಅಷ್ಟೇ.

ಕಲ್ಲು ಹಚ್ಚುವ ಶಿಸ್ತಿನವರಲ್ಲೂ ಅರ್ಧ ಜನ ಹೊರಡುವಾಗ ಆ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟುಹೋಗುತ್ತಾರೆ. ಬಡಗಿಯ ಹತ್ತಿರ ಉಳಿದ ತುಂಡಿನಲ್ಲೇ ಎರಡು ಬೆಣೆ ಮಾಡಿಸಿ, ಹಗ್ಗ ಕಟ್ಟಿ ಸ್ಟೆಪ್ನಿ ಚೌಕಟ್ಟಿಗೇ ನೇತು ಹಾಕಿದರೆ ಆಯಿತು. ಆಗ ಬೇಕಾದರೆ ಆ ಚೌಕಟ್ಟು ಮೂರು ಕೆಲಸ ಮಾಡುತ್ತದೆ ಎಂದು ಹೇಳಿಕೊಂಡು ತಿರುಗಲಿ.