ಬಹುಮತ ಎಣಿಸೋದು ಎಲ್ಲಿ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಎಲ್ಲೇ ವೋಟು ಹಾಕಿ. ನೀವು ಆರಿಸೋದು ಶಾಸಕರನ್ನ, ಮುಖ್ಯಮಂತ್ರಿಯನ್ನಲ್ಲ. ಮುಖ್ಯಮಂತ್ರಿ ಉಳಿಯೋದು ಶಾಸಕರ ಬೆಂಬಲ ಇರೋ ತನಕ. ಆ ಬೆಂಬಲ ಎಣಿಸೋದು ಎಲ್ಲಿ?

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ವಾಪಸ್ ಅಂತ 19 ಶಾಸಕರ ಪತ್ರಗಳು ರಾಜಭವನ ಸೇರಿದ್ವು. ಬೆನ್ನಲ್ಲೇ ಅವರಲ್ಲಿ 7 ಮಂದಿ ಉಲ್ಟಾ ಹೊಡೆದ್ರು. 'ಸದನ ಕರೀರಿ, ಬಹುಮತ ತೋರಿಸ್ತೀನಿ' ಅಂದ್ರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ.

ಬೊಮ್ಮಾಯಿ ಕೋರ್ಟಿಗೆ ಹೋದ್ರು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು: ಬಹುಮತದ ಪರೀಕ್ಷೆ ನಡೀಬೇಕಾದ್ದು ಸದನದಲ್ಲಿ. ರಾಷ್ಟ್ರಪತಿ ಆಳ್ವಿಕೆ ಹೇರೋಕೆ ಸಂವಿಧಾನದ 356ನೇ ವಿಧಿ ಬಳಸಿದ್ದು ಸರೀನಾ ಅಂತ ಕೋರ್ಟ್ ಕೂಡ ನೋಡಬಹುದು.

2018ರಲ್ಲಿ ಬಹುಮತ ತೋರಿಸೋಕೆ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದು 15 ದಿನ. 'ನಾಳೆ ಸಂಜೆ 4ಕ್ಕೆ' ಅಂತು ಕೋರ್ಟ್. ಮತಕ್ಕೆ ಹಾಕೋ ಮುಂಚೆಯೇ ರಾಜೀನಾಮೆ ಬಂತು. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಬಿದ್ದಿದ್ದೂ ಸದನದಲ್ಲೇ, 99ಕ್ಕೆ 105 ಮತ.

ಇನ್ಮುಂದೆ 'ರಾಜಭವನಕ್ಕೆ ಶಾಸಕರ ಪಟ್ಟಿ' ಅಂತ ಬ್ರೇಕಿಂಗ್ ನ್ಯೂಸ್ ಬಂದ್ರೆ, ಒಂದೇ ಪ್ರಶ್ನೆ ಕೇಳಿ: ವಿಶ್ವಾಸಮತ ಯಾವತ್ತು?