ಎರಡು ಕಣ್ಣಿನ ಲೆಕ್ಕ

ಒಂದು ಕಣ್ಣು ಮುಚ್ಚಿ ಸೂಜಿಗೆ ನೂಲು ಪೋಣಿಸಿ ನೋಡಿ, ಗುರಿ ತಪ್ಪುತ್ತದೆ. ಎರಡು ಕಣ್ಣುಗಳು ಕಾಣುವ ಚಿತ್ರಗಳಲ್ಲಿ ತುಸು ವ್ಯತ್ಯಾಸವಿದೆ. ಅದರಿಂದಲೇ ನಮಗೆ ಆಳ ತಿಳಿಯುತ್ತದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟರು.

2004ರಲ್ಲಿ ಮಂಗಳ ಗ್ರಹದಲ್ಲಿಳಿದ ಅಮೆರಿಕದ 'ಆಪರ್ಚುನಿಟಿ' ಗಾಡಿಗೂ ಇದೇ ತತ್ವ ದಾರಿ ತೋರಿತು. ಅದರ ಕಂಬದ ಮೇಲೆ 20 ಸೆಂಟಿಮೀಟರ್ ಅಂತರದಲ್ಲಿ ಎರಡು ಕ್ಯಾಮರಾಗಳಿದ್ದವು. ಒಂದೇ ಕಲ್ಲು ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕಾಣುತ್ತದೆಂದು ಗಣಕಯಂತ್ರ ಅಳೆಯುತ್ತಿತ್ತು. ಹೆಚ್ಚು ಸರಿದರೆ ಹತ್ತಿರ, ಕಡಿಮೆ ಸರಿದರೆ ದೂರ. ಭೂಮಿಯ ಸಂದೇಶ ತಲುಪಲು ಕೆಲವೊಮ್ಮೆ 20 ನಿಮಿಷ ಬೇಕು. ಅಷ್ಟರಲ್ಲಿ ಗಾಡಿ ಹೊಂಡಕ್ಕೆ ಬಿದ್ದೀತು! ಆದುದರಿಂದ ಈ ಲೆಕ್ಕವನ್ನು ಅದು ತಾನೇ ಮಾಡಬೇಕಾಗಿತ್ತು.

ಸಮರೂಪ ತ್ರಿಭುಜದ ಪಾಠ ಯಾಕೆಂದು ಮಕ್ಕಳು ಕೇಳಿದರೆ ಈ ಗಾಡಿಯ ಕತೆ ಹೇಳಿ. ಲೆಕ್ಕ ಅದೇ.