ಸುತ್ತಿ ನೋಡುವ ಚಿತ್ರ

ಸಂತೆಯಲ್ಲಿ ಎತ್ತನ್ನು ಕೊಳ್ಳಹೋದ ರೈತನು ಅದರ ಮುಖವನ್ನಷ್ಟೇ ನೋಡಿ ಹಣವನ್ನೆಣಿಸುವುದಿಲ್ಲ. ಸುತ್ತಲೂ ನಡೆದು, ಗೊರಸಿನಿಂದ ಕೊಂಬಿನವರೆಗೆ ಪರೀಕ್ಷಿಸುತ್ತಾನೆ. ದೂರದೂರಿನಲ್ಲಿ ಕುಳಿತು ಟ್ರ್ಯಾಕ್ಟರನ್ನು ಕೊಳ್ಳಬಯಸುವವನಿಗೆ ಈ ಸೌಕರ್ಯವೆಲ್ಲಿ? ತೆರೆಯ ಮೇಲೆ ತಿರುಗುವ ಚಿತ್ರವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ.

ಇದರ ತತ್ತ್ವ ಸರಳವಾದುದು. ಒಂದು ಸುತ್ತಿಗೆ 360 ಡಿಗ್ರಿ. ಪ್ರತಿ 10 ಡಿಗ್ರಿಗೆ ಒಂದರಂತೆ 36 ಛಾಯಾಚಿತ್ರಗಳನ್ನು ತೆಗೆದು ಕ್ರಮವಾಗಿ ತೋರಿಸಿದರೆ ವಸ್ತುವೇ ತಿರುಗಿದಂತೆ ಭಾಸವಾಗುತ್ತದೆ. ಹೂಜಿಯಂತಹ ಸಣ್ಣ ವಸ್ತುವನ್ನು ತಿರುಗುವ ಮಣೆಯ ಮೇಲಿರಿಸಿದರೆ ಸಾಕು, ಕ್ಯಾಮೆರಾ ಕದಲಬೇಕಾಗಿಲ್ಲ. ಕಾರಿನಂತಹವುಗಳಿಗೆ ಭಾರಿ ತಿರುಗುವೇದಿಕೆಗಳುಂಟು. ಅವು ದೊರೆಯದೆಡೆ ಕ್ಯಾಮೆರಾವೇ ಪ್ರದಕ್ಷಿಣೆ ಮಾಡಬೇಕು. 1860ರ ದಶಕದಲ್ಲಿ ಪ್ಯಾರಿಸ್ಸಿನ ಶಿಲ್ಪಿ ಫ್ರಾನ್ಸ್ವಾ ವಿಲೆಮ್ ಮತ್ತೊಂದು ದಾರಿ ಹಿಡಿದನು: ವ್ಯಕ್ತಿಯ ಸುತ್ತ 24 ಕ್ಯಾಮೆರಾಗಳನ್ನಿರಿಸಿ, ಏಕಕಾಲಕ್ಕೆ ತೆಗೆದ ಚಿತ್ರಗಳಿಂದ ಪ್ರತಿಮೆಯನ್ನು ರೂಪಿಸಿದನು.

ಪ್ರದಕ್ಷಿಣೆಗೆ ಶಿಸ್ತು ಬೇಕು. ಮೊದಲು ನೆಲದಲ್ಲಿ ಗೂಟ ನೆಟ್ಟು, ಹಗ್ಗದಿಂದ ವೃತ್ತವನ್ನೆಳೆದು, ಅದರ ಮೇಲೆ 36 ಗುರುತುಗಳನ್ನು ಹಾಕಬೇಕು. ಬಳಿಕ ಗೂಟವನ್ನು ಕಿತ್ತು, ಅಲ್ಲಿಯೇ ವಸ್ತುವಿನ ನಡುಭಾಗ ಬರುವಂತೆ ನಿಲ್ಲಿಸಬೇಕು. ಕ್ಯಾಮೆರಾದ ಎತ್ತರವಾಗಲಿ ದೂರವಾಗಲಿ ವ್ಯತ್ಯಾಸವಾದರೆ ಚಿತ್ರವು ಕುಪ್ಪಳಿಸಿದಂತೆ ಕಾಣುವುದು. ಬಿರುಬಿಸಿಲು ಒಂದು ಮಗ್ಗುಲನ್ನು ಬೆಳಗಿ ಇನ್ನೊಂದನ್ನು ಕತ್ತಲಾಗಿಸುತ್ತದೆ. ಮೋಡ ಕವಿದ ಆಕಾಶದ ಸಮನಾದ ಬೆಳಕೇ ಲೇಸು.

ಈ ಶ್ರಮವೆಲ್ಲ ಸಾರ್ಥಕವಾಗುವುದು ಸತ್ಯದಿಂದ. ಹಿಂಬದಿಯ ಬಿರುಕನ್ನು ಮರೆಮಾಚಲು ಒಂದೇ ಒಂದು ಚಿತ್ರವನ್ನು ತಿದ್ದಿದರೂ ಉಳಿದ 35 ಚಿತ್ರಗಳು ಸುಳ್ಳಿಗೆ ಸಾಕ್ಷಿಗಳಾಗುತ್ತವೆ. ಕೊಳ್ಳುವವನು ತನ್ನ ಕಣ್ಣನ್ನೇ ಛಾಯಾಚಿತ್ರಕಾರನಿಗೆ ಒಪ್ಪಿಸಿರುತ್ತಾನೆ. ಆ ನಂಬಿಕೆಯನ್ನು ಕಾಯುವುದೇ ಈ ಕಲೆಯ ಧರ್ಮ.